ಅವ್ವನ ಕೂಗಿಗೆ ಕಟ್ಟಿದ ಜರಡಿ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ, ತಾಮ್ರಾವತಿ ಎಂಬ ರಾಜ್ಯವಿತ್ತು. ಅಲ್ಲಿ ದನಿ ತಾಮ್ರದ ತಂತಿಯ ಮೇಲೆ ನಡೆದು ಊರಿಂದ ಮಾಯಾಕಾಡಿಗೆ ಹೋಗುತ್ತಿತ್ತು. ಆ ಕಾಡು ಹೊಕ್ಕವರಿಗೆ ದಾರಿ ಮರೆಯುತ್ತಿತ್ತು. ಸಂಜೆಯಾದರೆ ತಾಯಂದಿರು ಊರಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುವರು. ಕಾಡಿನ ಅಂಚಿನಲ್ಲಿ ತಂತಿಯ ತುದಿಗೆ ಕಟ್ಟಿದ ಕಹಳೆಯಲ್ಲಿ ಆ ಕೂಗು ಕೇಳಿ ಸೌದೆಗೆ ಹೋದವರು ಮನೆ ಸೇರುವರು. ಅಂಥ ಸಂಜೆಗಳು ಈಗೆಲ್ಲಿ ಸಿಗಬೇಕು?

ಗದ್ದಲಮಲ್ಲನೆಂಬ ಮಾಂತ್ರಿಕನಿಗೆ ಇದನ್ನು ಕಂಡರೆ ಹೊಟ್ಟೆಯುರಿ. ಅವನನ್ನು ಕೂಗಿ ಕರೆಯುವವರು ಯಾರೂ ಇರಲಿಲ್ಲ, ಪಾಪ. ಅವನೊಂದು ಕೋಣವನ್ನೂ ಒಂದು ಬಾವಲಿಯನ್ನೂ ತಂದು ತಂತಿಗೆ ಕಟ್ಟಿದ. ಕೋಣ ತಗ್ಗುದನಿಯಲ್ಲಿ ಗುಟುರು ಹಾಕಿತು. ಬಾವಲಿ ಕೀರಲುದನಿಯಲ್ಲಿ ಕಿರುಚಿತು. ನಡುವೆ ತಾಯಂದಿರ ಕೂಗು ಮುಳುಗಿಹೋಯಿತು. ಊರಲ್ಲಿ ಜನ ಕೈಸನ್ನೆಯಲ್ಲೇ ಮಾತಾಡತೊಡಗಿದರು. ಕಾಡಲ್ಲಿ ಸಿಕ್ಕಿಬಿದ್ದವರ ಕಾಲಿಗೆ ಬೇರು ಬಂತು. ಅಮಾವಾಸ್ಯೆಯೊಳಗೆ ಕೂಗು ಕೇಳದಿದ್ದರೆ ಅವರು ಮರವೇ ಆಗಿಬಿಡುವರು.

ಅವರಲ್ಲಿ ಮಾಚಣ್ಣನೂ ಒಬ್ಬ. ಅವನ ತಂಗಿ ಜಕ್ಕವ್ವ ತಂತಿ ಎಳೆಯುವ ಕೆಲಸದವಳು. ಹಿಟ್ಟಿಗೆ ಹಿಡಿದಂತೆ ದನಿಗೂ ಜರಡಿ ಕಟ್ಟಿ ಗದ್ದಲದಿಂದ ಕೂಗನ್ನು ಸೋಸಬಹುದೆಂದು ಅವಳು ಹೊರಟಳು.

ಕಾಡಿನ ಅಂಚಿನಲ್ಲಿ ಮೊದಲು ಕಹಳೆಗೆ ಬರುವ ತಂತಿಯ ನಡುವೆ ಒಂದು ಸುರುಳಿ ಸೇರಿಸಿ ಕಿವಿಕೊಟ್ಟಳು. ಬಾವಲಿಯ ದನಿ ನಿಂತಿತು, ಕೋಣದ್ದು ಹಾದುಬಂತು. ಸುರುಳಿ ತೆಗೆದು, ಎರಡು ತಗಡುಗಳನ್ನು ಒಂದಕ್ಕೊಂದು ತಾಗದಂತೆ ಎದುರುಬದುರು ಇಟ್ಟಳು. ಕೋಣ ನಿಂತಿತು, ಬಾವಲಿ ಹಾದುಬಂತು. ಮೂರನೆಯ ಸಲ ಎರಡನ್ನೂ ಒಂದರ ಹಿಂದೊಂದು ಜೋಡಿಸಿದಳು. ಕೋಣವೂ ಇಲ್ಲ, ಬಾವಲಿಯೂ ಇಲ್ಲ. ಆದರೆ ಅವ್ವನ ಕೂಗೂ ಇಲ್ಲ.

ಅಂದೇ ಅಮಾವಾಸ್ಯೆ. ಜಕ್ಕವ್ವ ಊರಿಗೆ ಓಡಿ ಅವ್ವನ ಬಾಯಿಗೆ ಕಿವಿ ಹಚ್ಚಿದಳು.

"ಅಣ್ಣನ್ನ ಒಂದ್ಸಲ ಕರಿಯವ್ವ."

"ಮಾಚಾ, ಮನೆಗೆ ಬಾರೋ."

ದನಿ ಒಡೆದು ದಪ್ಪಗಾಗಿತ್ತು. ಜಕ್ಕವ್ವ ಜರಡಿ ಕಟ್ಟಿದ್ದು ತೊಟ್ಟಿಲಲ್ಲಿ ಕೇಳಿದ ತೆಳು ಇಂಪಿನ ದನಿಗೆ. ಅದನ್ನು ನೆನೆದು ಅವಳಿಗೆ ಅಳು ಬಂತು. ಆ ದನಿ ಇನ್ನು ಬರುವಂತಿರಲಿಲ್ಲ.

ಅಳುತ್ತಲೇ ಕಾಡಿನ ಅಂಚಿಗೆ ಮರಳಿ ಸುರುಳಿಗೆ ಇನ್ನಷ್ಟು ತಂತಿ ಸುತ್ತಿದಳು. ಸುತ್ತು ಹೆಚ್ಚಿದಂತೆ ಜರಡಿ ತಗ್ಗಿನ ದನಿಗೆ ದಾರಿ ಬಿಟ್ಟಿತು. ಸ್ವಲ್ಪ ಸುತ್ತುವಳು, ಕೇಳುವಳು. ಮತ್ತೆ ಸುತ್ತುವಳು, ಕೇಳುವಳು. ಹೊತ್ತು ಮುಳುಗುವಾಗ ಕಹಳೆಯಲ್ಲಿ "ಮಾಚಾ" ಎಂದು ಸ್ಪಷ್ಟವಾಗಿ ಕೇಳಿತು. ಅದರ ಹಿಂದೆಯೇ ಊರಿನ ತಾಯಂದಿರೆಲ್ಲರ ಕೂಗೂ ಬಂತು.

ಬೇರುಗಳು ಸಡಿಲಾದವು, ಜನ ನಡೆದುಬಂದರು. ತಮ್ಮನ್ನು ಕೇಳುವವರಿಲ್ಲದೆ ಕೋಣ ಕುಗ್ಗಿ ಕರುವಾಯಿತು, ಬಾವಲಿ ಹಾರಿಹೋಯಿತು. ಗದ್ದಲಮಲ್ಲನ ಮಾಯೆಯೆಲ್ಲ ಅವುಗಳ ಗಂಟಲಲ್ಲೇ ಇದ್ದುದರಿಂದ ಅವನು ಬರಿಗೈಯಲ್ಲಿ ರಾಜ್ಯ ಬಿಟ್ಟ. ತಾಮ್ರಾವತಿಯ ಮನೆಮನೆಯಲ್ಲೂ ಎಲ್ಲರೂ ಒಟ್ಟಿಗೆ ಉಂಡರು, ಮುಂದೆಯೂ ಸುಖವಾಗಿದ್ದರು.

ಊಟಕ್ಕೆ ಕೂತಾಗ ಮಾಚಣ್ಣ ಕೇಳಿದ, "ಅವ್ವಾ, ನಿನ್ನ ದನಿ ಯಾಕಿಂಗಾಯ್ತು?"

"ಕೇಳಿಸ್ದೆ ಇದ್ರೂ ದಿನಾ ಕೂಗ್ತಿದ್ನಲ್ಲ ಮಗಾ," ಎಂದಳು ಅವ್ವ, ಅನ್ನ ಬಡಿಸುತ್ತಾ.