ಚಪ್ಪಲಿ ಹಾಕಿದ ಗಿಡಗಳು

ದಫೇದಾರ ಎರಡೂ ಕೈಯಲ್ಲಿ ಹಿಡಿದು ಎಳೆದ. ಗಿಡ ಬರಲಿಲ್ಲ.

"ಸಾರ್, ಇದು ಕಚ್ಕೊಂಡಿದೆ."

"ಬಿಡಿ," ಎಂದ ಇನ್ಸ್‌ಪೆಕ್ಟರ್. "ಕೈ ತೆಗೀರಿ. ಪಂಚರನ್ನ ಕರೀರಿ."

ಅವರ ಹಿಂದೆ ಇಳಿಜಾರಿನುದ್ದಕ್ಕೂ ಕಿತ್ತ ಗಿಡಗಳು ಬಿದ್ದಿದ್ದವು. ಒಂದೊಂದರ ಬುಡದಲ್ಲೂ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಗಣಿಯ ಕಸಮಣ್ಣು ಸುರಿದು ಎಬ್ಬಿಸಿದ ಗುಡ್ಡ ಅದು. ಮೇಲೆ ಹಸಿರು, ಕೆಳಗೆ ತುಕ್ಕಿನ ಬಣ್ಣ. ಒಂದು ಹಕ್ಕಿಯ ದನಿಯಿಲ್ಲ. ಬೆಳಿಗ್ಗೆ ದಫೇದಾರ ಬೀಳಿಸಿದ ಬ್ರೆಡ್ಡಿನ ಚೂರಿಗೆ ಒಂದು ಇರುವೆಯೂ ಬಂದಿರಲಿಲ್ಲ.

ದೂರು ಬಂದದ್ದು ಮೂರು ವಾರದ ಹಿಂದೆ, ಸೋಮವಾರ. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಠಾಣೆಗೆ ಬಂದಿದ್ದಳು. ತಂಗಿ ಕಾಣೆ. ಮುಚ್ಚಿದ ಗಣಿಯ ಮೇಲೆ ನೆಟ್ಟ ಗಿಡಗಳು ನಿಜವಾಗಿ ಬದುಕಿವೆಯೇ ಎಂದು ಪರೀಕ್ಷಿಸುವುದು ತಂಗಿಯ ಕೆಲಸ. ಪೈಪಿನ ಚೌಕಟ್ಟೊಂದನ್ನು ಎಸೆಯುವುದು, ಅದು ಬಿದ್ದಲ್ಲಿ ಕೂತು ಒಳಗೆ ಎಷ್ಟು ಜೀವ ಇದೆ ಎಂದು ನೋಡುವುದು.

"ಕೊನೆಗೆ ಮಾತಾಡಿದ್ದು?"

"ಶುಕ್ರವಾರ ಮಧ್ಯಾಹ್ನ, ಫೋನಲ್ಲಿ."

"ಏನಂದ್ರು?"

"'ಅಕ್ಕಾ, ಇಲ್ಲಿ ಗಿಡಗಳೆಲ್ಲ ಚಪ್ಪಲಿ ಹಾಕ್ಕೊಂಡು ನಿಂತಿವೆ' ಅಂತ ನಕ್ಕಳು. ಅವಳು ಹಾಗೇ ಸಾರ್, ತಲೆಬುಡ ಇಲ್ಲದ ಮಾತು."

ಇನ್ಸ್‌ಪೆಕ್ಟರ್ ಆ ಮಾತನ್ನು ಬರೆದುಕೊಳ್ಳಲಿಲ್ಲ. ಎಫ್‌ಐಆರ್ ಆಯಿತು. ಗಣಿ ಗುಂಡಿಯ ನೀರಿಗೆ ಮುಳುಗು ತಜ್ಞರನ್ನು ಇಳಿಸಿದರು. ಸಿಕ್ಕಿದ್ದು ಒಂದು ಲಾರಿ ಟೈರು.

ನರ್ಸರಿಯ ಮೇಸ್ತ್ರಿಯನ್ನು ಎರಡು ಸಲ ವಿಚಾರಿಸಿದರು. ಗಿಡ ನೆಡಿಸಿದ್ದು ಅವನೇ.

"ಸಂಜೆ ಗೇಟ್ ಕಡೆ ಹೋದ್ರು ಸಾರ್."

"ನೀನೇ ನೋಡಿದ್ಯಾ?"

"ನೋಡ್ದೆ. ಅವರಿಗೇನೂ ಆಗಬಾರ್ದು ಸಾರ್. ಅವರು ಪಾಸ್ ಮಾಡಿದ್ರೇ ತಾನೆ ನೆಲ ನಮಗೆ ವಾಪಸ್ ಬರೋದು? ಈ ಗುಡ್ಡದ ಅಡಿಯಲ್ಲೇ ನಮ್ಮನೆ ಇದ್ದಿದ್ದು. ಅಮ್ಮ ದಿನಾ ಕೇಳ್ತಾಳೆ, ಯಾವಾಗ ಕರ್ಕೊಂಡು ಹೋಗ್ತೀಯಾ ಅಂತ."

"ಪಾಪ," ಎಂದಿದ್ದ ದಫೇದಾರ, ಆಮೇಲೆ.

ಇವತ್ತು ಬೆಳಿಗ್ಗೆ ಇನ್ನೊಮ್ಮೆ ಗುಡ್ಡ ಹತ್ತುವಾಗ ದಫೇದಾರ ಜಾರಿದ. ಆಸರೆಗೆಂದು ಹಿಡಿದ ಗಿಡ ಬುಡಸಮೇತ ಕೈಗೆ ಬಂತು. ಅವನು ಸೊಂಟ ಉಜ್ಜಿಕೊಳ್ಳುತ್ತ ಚೀಲ ನೋಡಿದ. "ಥತ್, ಗಿಡಕ್ಕೂ ಬೂಟು!"

ಇನ್ಸ್‌ಪೆಕ್ಟರ್ ನಗಲಿಲ್ಲ. "ಮುಂದಿಂದು ಕೀಳಿ," ಎಂದ. "ಅದರ ಮುಂದಿಂದೂ."

ಕಚ್ಚಿಕೊಂಡ ಆ ಒಂದು ಗಿಡದವರೆಗೆ ಎಲ್ಲವೂ ಚೀಲದಲ್ಲೇ ಇದ್ದವು.

ಪಂಚರ ಎದುರು ಅಗೆದರು. ಮೊದಲು ಪೈಪಿನ ಚೌಕಟ್ಟು ಕಂಡಿತು. ಅದರ ಕೆಳಗೆ ಒಂದು ನೀಲಿ ಅಂಗಿಯ ತೋಳು. ಪಂಚನಾಮೆಯಲ್ಲಿ ಇನ್ಸ್‌ಪೆಕ್ಟರ್ ಗಿಡದ ಬಗ್ಗೆಯೂ ಬರೆಸಿದ: ಚೀಲ ಬಿಚ್ಚಿದೆ, ಬುಡಕ್ಕೆ ಹೊರಗಿನಿಂದ ತಂದ ಕಪ್ಪು ಮಣ್ಣು ತುಂಬಿದೆ. ಆ ಮಣ್ಣಿನ ರಾಶಿ ಇದ್ದದ್ದು ನರ್ಸರಿಯ ಬೀಗದೊಳಗೆ. ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ಅವನನ್ನು ಮತ್ತೆ ಠಾಣೆಗೆ ಕರೆಸಿದರು.

"ಚೀಲ ಬಿಚ್ಚದೆ ನೆಡೋಕೆ ಹೇಳಿದ್ಯಾರು?"

"ನಾನೇ. ಈ ಮಣ್ಣು ಹುಳಿ ಸಾರ್, ಬೇರು ಸೋಕಿದ್ರೆ ಸುಟ್ಟೋಗುತ್ತೆ. ಚೀಲದಲ್ಲಿದ್ರೆ ಪರೀಕ್ಷೆ ಮುಗಿಯೋವರೆಗೆ ಹಸಿರಾಗಿರುತ್ತೆ."

"ಮೇಡಂ ಕಿತ್ತು ನೋಡಿದ್ರು."

"ಹ್ಞೂಂ. ಇನ್ನೂ ಐದು ವರ್ಷ ಬೇಕು ಅಂದ್ರು. ಅಮ್ಮನಿಗೆ ಐದು ವರ್ಷ ಎಲ್ಲಿದೆ ಸಾರ್? ಕಾಲಿಗೆ ಬಿದ್ದೆ. ಹಿಡಿದು ಎಬ್ಬಿಸಿ, 'ಸುಳ್ಳು ಬರೆಯೋಕಾಗಲ್ಲ ಅಣ್ಣಾ' ಅಂದ್ರು. ನನ್ನ ಕೈಯಲ್ಲಿ ಗುದ್ದಲಿ ಇತ್ತು."

ಬರೆಯುತ್ತಿದ್ದ ದಫೇದಾರ ಪೆನ್ನು ನಿಲ್ಲಿಸಿದ.

"ಆ ಒಂದು ಗಿಡದ ಚೀಲ ಯಾಕೆ ಬಿಚ್ಚಿದೆ? ಬಿಚ್ಚದೇ ಇದ್ದಿದ್ರೆ ನಾವು ದಾಟಿ ಹೋಗ್ತಿದ್ವಿ."

ಮೇಸ್ತ್ರಿ ತನ್ನ ಉಗುರುಗಳನ್ನು ನೋಡಿಕೊಂಡ.

"ಅವರ ಮೇಲೆ ನೆಡೋದು. ಅದೂ ಸುಳ್ಳಾಗೋದು ಬೇಡ ಅನ್ನಿಸ್ತು."

ಸಂಜೆ ಆರು ಹತ್ತಕ್ಕೆ ಬಂಧನ ದಾಖಲಾಯಿತು.

ಮೇಸ್ತ್ರಿಯ ಮನೆಯವರಿಗೆ ತಿಳಿಸಲು ಇನ್ಸ್‌ಪೆಕ್ಟರ್ ತಾನೇ ಹೋದ. ನೆಲ ಕಳೆದುಕೊಂಡವರಿಗೆಂದು ಕಟ್ಟಿದ ಒಂದೇ ಕೋಣೆಯ ಮನೆಗಳ ಸಾಲು. ಮೇಸ್ತ್ರಿಯ ತಾಯಿ ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. ಕಿಟಕಿಯ ತುಂಬ ಗುಡ್ಡ. ಬಾಗಿಲ ಬಳಿ ಕಟ್ಟಿಟ್ಟ ಬಟ್ಟೆಗಂಟು. ಮೇಲೆ ದೂಳು ಕೂತಿತ್ತು.

ಅವನು ಎಲ್ಲ ಹೇಳಿದ.

"ನಾಳೆ ಮಹಜರಿಗೆ ಮಗನನ್ನ ಗುಡ್ಡಕ್ಕೆ ಕರ್ಕೊಂಡು ಹೋಗ್ತೀವಿ ಅಜ್ಜಿ," ಎಂದ ಕೊನೆಗೆ. "ಜೀಪಲ್ಲಿ ಜಾಗ ಇದೆ. ಬಂದ್ರೆ ಅವನನ್ನೂ ನೋಡಬಹುದು, ನಿಮ್ಮ ನೆಲಾನೂ."

ಅವಳು ಎದ್ದು ಕಿಟಕಿ ಮುಚ್ಚಿದಳು.

"ಆ ಹುಡುಗಿಗೆ ಅಕ್ಕ ಇದಾಳೆ ಅಂದ್ಯಲ್ಲಪ್ಪ?"

"ಹೌದು."

"ಅವಳನ್ನ ಕರ್ಕೊಂಡು ಹೋಗು. ನಾನು ಬರಲ್ಲ."

"ನಾಳೆ ಆಗದಿದ್ರೆ ಇನ್ನೊಂದು ದಿನ—"

"ಬರಲ್ಲ ಅಂದ್ನಲ್ಲ."