ನಾಲ್ಕನೇ ಕಂಪ್ಯೂಟರಿನ ಹೆಲಿಕಾಪ್ಟರ್

"ಸಿರಿಲಣ್ಣ, ನನ್ನ ಹೆಲಿಕಾಪ್ಟರಿಗೆ ಯಾರೋ ಕೈ ಹಾಕಿದ್ದಾರೆ."

ಶ್ರವಣ್ ಹೀಗೆಂದಾಗ ನಾನು ಅವನ ಹಿಂದೆಯೇ ನಿಂತು ಆರನೇ ಕಂಪ್ಯೂಟರಿನ ಗಾಜು ಒರೆಸುತ್ತಿದ್ದೆ. ಬಟ್ಟೆ ಒಂದೇ ಜಾಗದಲ್ಲಿ ಸುತ್ತತೊಡಗಿತು.

"ಹಾಳಾಯ್ತಾ?" ಸಿರಿಲಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ.

"ಹಾಳಾಗಿದ್ರೆ ಬೇಜಾರಿರಲಿಲ್ಲ. ಹಾರ್ತಾ ಉಂಟು ಮಾರಾಯ್ರೆ!"

"ಹಾರಿದ್ರೆ ನಿಂಗೆ ಎಂತ ಕಷ್ಟ?"

"ಎರಡು ತಿಂಗಳು ತಲೆ ಕೆಡಿಸಿಕೊಂಡದ್ದು ನಾನು. ಹಾರಿಸಿದ್ದು ಬೇರೆ ಯಾರೋ. ಯಾರಂತ ಗೊತ್ತಾಗಬೇಕು ನಂಗೆ."

"ಸಿಕ್ಕಿದವರನ್ನು ಮತ್ತೆ ಒಳಗೆ ಬಿಡುವುದಿಲ್ಲ, ಆಯ್ತಾ?"

ನಾನು ಏಳನೇ ಕಂಪ್ಯೂಟರಿಗೆ ಸರಿದೆ. ಎದೆಯ ಸದ್ದು ಹೊರಗೆ ಕೇಳಿಸೀತೆಂದು ಕೀಬೋರ್ಡಿನ ಧೂಳನ್ನು ಜೋರಾಗಿ ತಟ್ಟಿದೆ.

ಅದು ೨೦೦೮. ಮಣಿಪಾಲದಲ್ಲಿ ಸಿರಿಲಣ್ಣನ ಸೈಬರ್ ಕೆಫೆಯಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವುದು, ಗುಡಿಸುವುದು, ಬಂದವರಿಗೆ ಖಾಲಿ ಕಂಪ್ಯೂಟರ್ ತೋರಿಸುವುದು ನನ್ನ ಕೆಲಸ. ಶ್ರವಣ್ ಕಾರ್ಕಳದವನು. ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ, ಮಧ್ಯಾಹ್ನದ ಶಿಫ್ಟು. ಹನ್ನೊಂದಕ್ಕೆ ಬಂದು ನಾಲ್ಕನೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ.

ಉಳಿದವರೆಲ್ಲ ಗುಂಡು ಹಾರಿಸುವ ಆಟ ಆಡಿದರೆ ಇವನದು ಬೇರೆಯೇ ಆಟ. ಅದರಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಒಂದು ಖಾಲಿ ಮೈದಾನ, ರಾಶಿ ಸಾಮಾನು; ಬೇಕಾದ್ದನ್ನು ಕಟ್ಟಿಕೊಳ್ಳಬೇಕು. ಅವನು ಸ್ನಾನದ ತೊಟ್ಟಿಯೊಳಗೆ ಒಂದು ಕುರ್ಚಿ ಇಟ್ಟು, ತೊಟ್ಟಿಯ ನಡುವೆ ಕಂಬ ನಿಲ್ಲಿಸಿ, ಕಂಬದ ತುದಿಯ ಚಕ್ರಕ್ಕೆ ನಾಲ್ಕು ರೆಕ್ಕೆ ಜೋಡಿಸಿದ್ದ. ರೆಕ್ಕೆಗಳು ಆಟದ ಜೊತೆ ಬಂದವಲ್ಲ. ಯಾವುದೋ ದೇಶದವರು ತಯಾರಿಸಿ ನೆಟ್ಟಿನಲ್ಲಿ ಹಾಕಿದ ಮಾಡ್, ಆಟಕ್ಕೆ ಹೊರಗಿನಿಂದ ಸೇರಿಸುವ ಸಾಮಾನು. ತಿರುಗಿದರೆ ನಿಜವಾಗಿಯೂ ಮೇಲೆತ್ತುತ್ತಿದ್ದವು.

ಎತ್ತಿದ ಕೂಡಲೇ ತೊಟ್ಟಿ ಮೂತಿ ಕೆಳಗೆ ಮಾಡಿ ಬೋರಲು ಬೀಳುತ್ತಿತ್ತು.

"ಶ್ರವಣ್, ಇವತ್ತಿನ ಸ್ನಾನ ಆಯ್ತಾ?" ಎಂದು ಕಾಲೇಜು ಹುಡುಗರು ಕೂಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಕಿವಿಯ ತುದಿ ಕೆಂಪಾಗುತ್ತಿತ್ತು. ಅದು ನನಗೆ ಮಾತ್ರ ಗೊತ್ತು. ಆಫ್ ಆಗಿದ್ದ ಐದನೇ ಕಂಪ್ಯೂಟರಿನ ಕಪ್ಪು ಗಾಜಿನಲ್ಲಿ ನಾನು ದಿನವೂ ಅವನನ್ನೇ ನೋಡುತ್ತಿದ್ದೆ. ಒಮ್ಮೆ ಆ ಗಾಜಿನಲ್ಲೇ ಅವನ ಕಣ್ಣು ನನಗೆ ಸಿಕ್ಕಿತು. ಅವತ್ತು ಅದೇ ನೆಲವನ್ನು ಮೂರು ಸಲ ಗುಡಿಸಿದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ನಮ್ಮವ್ವ ಹುಲಿಗೆವ್ವ ಕಾಂಕ್ರೀಟಿನ ಬಾಂಡ್ಲಿ ಹೊತ್ತು ಮಹಡಿ ಹತ್ತುವುದನ್ನು ನೋಡುತ್ತಲೇ ಬೆಳೆದವಳು. ತಲೆಯ ಮೇಲೆ ಸುತ್ತಿದ ಬಟ್ಟೆಯ ಸಿಂಬಿ ಭಾರಕ್ಕೆ ಸರಿಯಾಗಿ ಕೂರಬೇಕು. ಒಂದು ಬೆರಳು ಆಚೀಚೆಯಾದರೂ ಬಾಂಡ್ಲಿ ವಾಲುತ್ತದೆ. ಶ್ರವಣ್ ಕಂಬವನ್ನು ಅಳೆದು ತೊಟ್ಟಿಯ ನಡುವೆ ನಿಲ್ಲಿಸಿದ್ದ. ಭಾರ ನಡುವೆ ಇರಲಿಲ್ಲ. ಮುಂದೆ, ಕುರ್ಚಿಯ ಹತ್ತಿರವಿತ್ತು. ಒಂದು ಬೆಳಿಗ್ಗೆ ಯಾರೂ ಇಲ್ಲದಾಗ, ಅವನು ಒತ್ತುವುದನ್ನು ನೋಡಿ ಕಲಿತಿದ್ದ ಬಟನ್ನುಗಳನ್ನೇ ಒತ್ತಿ, ಕಂಬವನ್ನು ಸ್ವಲ್ಪ ಮುಂದಕ್ಕೆ ಸರಿಸಿದೆ. ಅಷ್ಟೇ ನಾನು ಮಾಡಿದ್ದು.

ಆಮೇಲಿನ ನಾಲ್ಕು ದಿನ ಅವನು ಬಂದವರೆಲ್ಲರ ಕೈ ಕೀಬೋರ್ಡಿನ ಮೇಲೆ ಹೇಗೆ ಓಡುತ್ತದೆಂದು ನೋಡಿದ. ಕನ್ನಡಕದ ಪ್ರಣೀತಾ ಎಂಬ ಕಾಲೇಜು ಹುಡುಗಿಯನ್ನು, "ನೀವಾ ಮಾಡಿದ್ದು?" ಎಂದು ಕೇಳಿಯೂಬಿಟ್ಟ. ಅವಳು ಕೂದಲು ಹಿಂದೆ ಮಾಡಿಕೊಂಡು, "ಇರಬಹುದು!" ಎಂದಳು. ಅವನು ನಕ್ಕ. ಅವನು ನನ್ನ ಕೈ ಮಾತ್ರ ನೋಡಲಿಲ್ಲ. ಅದರಲ್ಲಿ ಒರೆಸುವ ಬಟ್ಟೆ ಇತ್ತು.

ಶುಕ್ರವಾರ ಸಂಜೆ ಅವ್ವ ಹೇಳಿದಳು: "ಶೈಲಾ, ನಾಡಿದ್ದು ಗಂಟು ಕಟ್ಟೂದೈತಿ. ಕಾಪುದಾಗ ಹೊಸಾ ಸೈಟು."

ಸೈಟು ಬದಲಾದರೆ ನಮಗೆ ಜನವೂ ಬದಲಾಗುತ್ತಾರೆ. ಹೆಬ್ರಿಯಲ್ಲಿ ಜಡೆ ಹಾಕಿಕೊಡುತ್ತಿದ್ದ ಗೆಳತಿ, ಅಜೆಕಾರಿನಲ್ಲಿ ಶಾಲೆಯ ಪುಸ್ತಕ ಓದಲು ಕೊಡುತ್ತಿದ್ದ ಬೇಬಿಯಕ್ಕ, ಯಾರೂ ಮತ್ತೆ ಸಿಗಲಿಲ್ಲ. ಇವನೂ ಹಾಗೆಯೇ ಹೋಗುತ್ತಾನೆ. ನನ್ನ ಹೆಸರೂ ಗೊತ್ತಿಲ್ಲದೆ, ಹೆಲಿಕಾಪ್ಟರ್ ಹಾರಿಸಿದ್ದು ಪ್ರಣೀತಾ ಎಂದುಕೊಂಡೇ ಇರುತ್ತಾನೆ.

ಶನಿವಾರ ಬೇಗ ಹೋಗಿ ಬಾಗಿಲು ತೆಗೆದೆ. ಪೊರಕೆ ಹಿಡಿದೆ, ಬಿಟ್ಟೆ. ನಾಲ್ಕನೇ ಕಂಪ್ಯೂಟರ್ ಹಾಕಿದೆ. ತೊಟ್ಟಿಯೊಳಗೆ, ಅವನ ಕುರ್ಚಿಯ ಪಕ್ಕದಲ್ಲಿ, ಇನ್ನೊಂದು ಕುರ್ಚಿ ಇಟ್ಟೆ. ತೊಟ್ಟಿ ಒಂದು ಪಕ್ಕಕ್ಕೆ ವಾಲಿತು. ಸರಿ ಮಾಡುತ್ತಿದ್ದೆ.

"ಆ ಕುರ್ಚಿ ಯಾರಿಗೆ?"

ಕೈಯಿಂದ ಜಾರಿದ ಮೌಸ್ ಮೇಜಿನ ಕೆಳಗೆ ತೂಗಾಡತೊಡಗಿತು. ಕಳ್ಳನನ್ನು ಹಿಡಿಯಲೆಂದು ಎರಡು ಗಂಟೆ ಮೊದಲೇ ಬಂದಿದ್ದ ಶ್ರವಣ್, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನಾನ್ರೀ... ನಾನ ಮಾಡಿದ್ದು. ಸಿರಿಲಣ್ಣಗ ಹೇಳಬ್ಯಾಡ್ರಿ."

"ಅಯ್ಯೋ, ನೀವು ಮಾತಾಡ್ತೀರಾ! ಎರಡು ತಿಂಗಳಿಂದ ನಾನು ಕೇಳಿದ್ದು ನಿಮ್ಮ ಪೊರಕೆಯ ಸದ್ದು ಮಾತ್ರ." ಅವನು ಪಕ್ಕದಲ್ಲಿ ಕುಳಿತ. "ಹೇಳಿ, ಕಂಬ ಯಾಕೆ ಮುಂದೆ?"

ನಾನು ತಡವರಿಸುತ್ತ ಅವ್ವನ ಸಿಂಬಿಯ ವಿಷಯ ಹೇಳಿದೆ. ಅವನು ಟಿಫಿನ್ ಡಬ್ಬಿಯನ್ನು ತಲೆಯ ಮೇಲಿಟ್ಟು ಎರಡು ಹೆಜ್ಜೆ ನಡೆದ. ಡಬ್ಬಿ ಜಾರಿತು. ಹಿಡಿದೆ. ಡಬ್ಬಿಯ ಜೊತೆ ಅವನ ಬೆರಳೂ ಸಿಕ್ಕಿತು. ಇಬ್ಬರೂ ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡೆವು.

"ಕುರ್ಚಿ ಯಾರಿಗಂತ ಹೇಳಲಿಲ್ಲ."

"ನನಗ," ಎಂದೆ. "ನಾಳೆ ಸೈಟು ಬಿಟ್ಟು ಹೊಂಟೀವ್ರಿ. ಹೋಗೂಕಿಂತ ಮೊದಲ ಒಮ್ಮೆ ನಿಮ್ಮ ಬಾಜೂಕ ಕುಂಡ್ರಬೇಕು ಅನಿಸ್ತು."

ಅವನ ಮುಖದ ತುಂಟತನ ಇಳಿಯಿತು. "ಹೋಗುವುದಾ? ಎಲ್ಲಿಗೆ?"

"ಕಾಪುಕ್ಕ."

"ಕಾಪು?" ಒಂದು ಗಳಿಗೆ ನನ್ನನ್ನೇ ನೋಡಿ ಅವನು ಹೊಟ್ಟೆ ಹಿಡಿದು ನಕ್ಕ. "ನಾನು ಬೊಂಬಾಯಿ ಅಂತ ಹೆದರಿದೆ! ಕಟಪಾಡಿ ದಾಟಿದ್ರೆ ಕಾಪು ಮಾರಾಯ್ತಿ, ಬಸ್ಸುಂಟು!"

"ನಗಬ್ಯಾಡ್ರಿ." ನನ್ನ ದನಿ ನನಗೇ ಹೊಸದಾಗಿ ಕೇಳಿತು. "ನಿಮಗ ಅದು ಬಸ್ಸು. ನಾವು ಬಿಟ್ಟು ಬಂದ ಸೈಟಿಂದ ಇವತ್ತಿನ ತನಕ ಯಾರೂ ನಮ್ಮನ್ನ ಕೇಳಕೊಂಡು ಬಂದಿಲ್ಲ."

ಅವನ ನಗು ನಿಂತಿತು. ಆಣೆ ಹಾಕಲಿಲ್ಲ, ಸಮಾಧಾನ ಹೇಳಲಿಲ್ಲ.

"ಸೈಟಿನ ಹತ್ತಿರ ಎಂತ ಉಂಟು?"

"ಗೊತ್ತಿಲ್ರಿ. ಲೈಟ್‌ಹೌಸ್ ಕಾಣ್ತದಂತ."

"ನಿಮ್ಮ ಹೆಸರು?"

"ಶೈಲಶ್ರೀ."

ಅವನು ಅದನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡ. ಆಮೇಲೆ ಇಬ್ಬರೂ ಸೇರಿ ಕಂಬವನ್ನು ಎರಡು ಕುರ್ಚಿಗಳ ನಡುವಿಗೆ ತಂದೆವು. ರೆಕ್ಕೆ ತಿರುಗಿತು. ತೊಟ್ಟಿ ಅಲುಗಾಡಿತು, ಎದ್ದಿತು, ಮೈದಾನದ ಬೇಲಿ ದಾಟಿ ಹೋಯಿತು.

ಕಾಪುವಿಗೆ ಬಂದ ವಾರವೆಲ್ಲ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೈವೇಯಲ್ಲಿ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ತಿರುಗಿ ನೋಡುತ್ತಿದ್ದೆ. ಸೋಮವಾರ ಇಲ್ಲ. ಬುಧವಾರ ಇಲ್ಲ. ಶನಿವಾರದ ಹೊತ್ತಿಗೆ ಹಾರ್ನಿಗೆ ತಿರುಗುವುದನ್ನೇ ಬಿಟ್ಟೆ.

ಭಾನುವಾರ ಮಹಡಿಯ ಮೇಲೆ ಅರ್ಧ ಎದ್ದ ಗೋಡೆಗೆ ಪೈಪಿನಿಂದ ನೀರು ಹೊಡೆಯುತ್ತಿದ್ದೆ. ಕೆಳಗೆ ಮರಳಿನ ರಾಶಿಯ ಹತ್ತಿರ ಯಾರೋ ಮೇಸ್ತ್ರಿಯ ಜೊತೆ ಮಾತಾಡುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಚಪ್ಪಲಿ ಮರಳಲ್ಲಿ ಹೂತಿತ್ತು. ಅದಾಗಲೇ ಮೂರು ಸೈಟು ಹುಡುಕಿ ಬಂದಿದ್ದನಂತೆ, ಆಮೇಲೆ ತಿಳಿಯಿತು.

ಕೆಳಗೆ ಬಾಂಡ್ಲಿ ಹೊತ್ತ ಅವ್ವ ಅಲ್ಲೇ ನಿಂತಳು. "ಯಾರನ್ನ ಕೇಳಾಕತ್ತಾನ ಈ ಹುಡುಗ?"

ಕೆಲಸದವರೆಲ್ಲ ತಿರುಗಿದರು. ಪೈಪಿನ ನೀರು ನನ್ನ ಕಾಲ ಮೇಲೆಯೇ ಸುರಿಯುತ್ತಿತ್ತು.

"ನನ್ನ, ಯವ್ವಾ," ಎಂದು ಮೇಲಿನಿಂದ ಕೂಗಿ ಹೇಳಿದೆ. "ನನ್ನ ಕೇಳಕೊಂಡು ಬಂದಾನ."