ಓಡೋದಾ, ಎಳೆಯೋದಾ?

ಏರಿನ ನಡುವೆ ಲಾರಿ ಹಿಂದಕ್ಕೆ ಜಾರಿತು.

"ಅಪ್ಪಾ!" ಗುಬ್ಬಿ ಕಿರುಚಿದಳು.

ಅಪ್ಪ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಬ್ರೇಕಿನ ಮೇಲೆ ಎದ್ದು ನಿಂತವನ ಹಾಗೆ ಕಾಲು ಒತ್ತಿದ. ಹಿಂದಿನ ಟ್ಯಾಂಕಿನಲ್ಲಿದ್ದ ನೀರು ದಬ್ ಎಂದು ಬಡಿಯಿತು. ಇನ್ನೂ ಒಂದು ಮಾರು ಜಾರಿ ಲಾರಿ ನಿಂತಿತು. ಎಂಜಿನ್ ಆಗಲೇ ಆಫ್ ಆಗಿತ್ತು.

ಗುಬ್ಬಿಯ ಶಾಲೆ ಇರುವುದು ಆ ಏರಿನ ತುದಿಯಲ್ಲಿ. ಅಲ್ಲಿನ ಮನೆಗಳಿಗೆ ನೀರು ಕೊಡುವ ಕೆಲಸ ಅಪ್ಪನಿಗೆ ಸಿಕ್ಕಿತ್ತು. ಇವತ್ತೇ ಮೊದಲ ಲೋಡು. "ನಿನ್ನನ್ನೂ ಶಾಲೆಗೆ ಬಿಟ್ಟು ಹೋಗ್ತೀನಿ, ಹತ್ತು" ಎಂದು ಅಪ್ಪ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ.

ಲಾರಿ ಹೀಗೆ ಜಾರಿದ್ದಕ್ಕೆ ತಾನೇ ಕಾರಣ ಎಂದು ಗುಬ್ಬಿಗೆ ಗೊತ್ತಿತ್ತು.

ಹೋದ ವಾರದ ಮಾತು. ಲಾರಿಯ ಹಿಂದಿನ ಚಕ್ರಗಳ ನಡುವೆ ಬುರುಡೆಯಂಥ ಒಂದು ದಪ್ಪ ಉಂಡೆ ಇರುತ್ತದಲ್ಲ, ಅದೇ ಡಿಫರೆನ್ಷಿಯಲ್. ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವುದು ಅದೇ. ಅಪ್ಪನ ಲಾರಿಯಲ್ಲಿ ಅದರೊಳಗಿನ ಹಲ್ಲುಗಳೆಲ್ಲ ಸವೆದುಹೋಗಿದ್ದವು.

"ಮುದುಕಪ್ಪನಿಗೆ ಹಲ್ಲಿನ ಸೆಟ್ ಕಟ್ಟಿಸ್ಬೇಕು ಭಾವ," ಎಂದು ನಕ್ಕ ಗ್ಯಾರೇಜ್ ಮಾವ, ಅಂದರೆ ಅಮ್ಮನ ತಮ್ಮ. ನೆಲದ ಮೇಲಿದ್ದ ಎರಡು ಡಿಫರೆನ್ಷಿಯಲ್ ತೋರಿಸಿದ. "ಇದು ಓಡೋದು. ಸಮ ರಸ್ತೇಲಿ ಬಾಣ ಬಿಟ್ಟ ಹಾಗೆ ಹೋಗುತ್ತೆ. ಇದು ಎಳೆಯೋದು. ಎಂಜಿನ್ ಎಷ್ಟು ಸುತ್ತಿದ್ರೂ ಚಕ್ರ ನಿಧಾನಕ್ಕೇ ಸುತ್ತುತ್ತೆ. ಸ್ಪೀಡ್ ಇಲ್ಲ, ಬಲ ಇದೆ. ನೀರು ಹೊರೋಕೆ ಇದೇ ಸರಿ."

"ಏರು ಇರೋದು ಒಂದೇ ಅಲ್ವೇನೋ? ಮಿಕ್ಕಿದ್ದೆಲ್ಲ ಸಮ ರಸ್ತೆ," ಎಂದು ಅಪ್ಪ ಗಡ್ಡ ಕೆರೆದುಕೊಂಡ.

ಗುಬ್ಬಿ ನಡುವೆ ಬಾಯಿ ಹಾಕಿದಳು. "ಓಡೋದೇ ಹಾಕ್ಸಪ್ಪಾ, ಪ್ಲೀಸ್! ಆಗ ನೀನು ಬೇಗ ಮನೆಗೆ ಬರ್ತೀಯ."

ಅಮ್ಮ ನರ್ಸ್. ಅವಳಿಗೆ ಸಂಜೆ ಡ್ಯೂಟಿ ಇದ್ದರೆ ಅಪ್ಪ ಬರುವ ತನಕ ಗುಬ್ಬಿ ಎದುರುಮನೆ ಅಜ್ಜಿಯ ಹತ್ತಿರ ಕಾಯಬೇಕು. ಕಾದು ಕಾದು ಅಲ್ಲೇ ತೂಕಡಿಸಬೇಕು.

ಅಪ್ಪ ಅವಳ ಮುಖ ನೋಡಿದ. "ಆಯ್ತು, ಓಡೋದೇ ಹಾಕು."

"ಕುದುರೆ ಕೈಲಿ ನೇಗಿಲು ಎಳೆಸ್ತೀನಿ ಅಂತೀರಲ್ಲ," ಎಂದು ಮಾವ ಗೊಣಗಿದ್ದ.

"ಗುಬ್ಬೀ, ಇಳಿ." ಈಗ ಏರಿನ ನಡುವೆ, ಬ್ರೇಕ್ ಒತ್ತಿಕೊಂಡೇ ಅಪ್ಪ ಹೇಳಿದ. "ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬೋಕಾಗಲ್ಲ. ನಾನು ಕಾಲು ತೆಗೆಯೋ ಹಾಗಿಲ್ಲ. ರಸ್ತೆ ಅಂಚಲ್ಲೇ ನಿಂತ್ಕೊಂಡು ಹಿಂದೆ ಬರೋರನ್ನ ಕೂಗು. ಲಾರಿ ಹಿಂದೆ ಹೋಗ್ಬೇಡ."

"ನೀನು?"

"ನಾನು ಇಲ್ಲೇ ಇರ್ತೀನಿ. ಇಳಿ ಅಂದೆನಲ್ಲ!"

ಅಪ್ಪ ಹಿಂದೆಂದೂ ಹಾಗೆ ಗದರಿದ್ದಿಲ್ಲ. ಅವನಿಗೂ ಹೆದರಿಕೆಯಾಗಿದೆ ಎಂದು ಗುಬ್ಬಿಗೆ ಗೊತ್ತಾಯಿತು. ಹೇಗೋ ಇಳಿದಳು.

ಕೆಳಗಿನಿಂದ ತರಕಾರಿಯವನೊಬ್ಬ ತಲೆ ತಗ್ಗಿಸಿಕೊಂಡು ತಳ್ಳುಗಾಡಿ ತಳ್ಳುತ್ತಾ ನೇರ ಲಾರಿಯ ಹಿಂದೆಯೇ ಬರುತ್ತಿದ್ದ.

ಗುಬ್ಬಿ ಎರಡೂ ಕೈ ಬೀಸಿದಳು. ಅವನು ನೋಡಲಿಲ್ಲ. ಉಸಿರೆಳೆದು ಕೂಗಿದಳು. "ಅಣ್ಣಾ! ಪಕ್ಕಕ್ಕೆ ಹೋಗಿ! ಲಾರಿ ಜಾರ್ತಿದೆ!"

ಅವನು ತಲೆ ಎತ್ತಿದ. "ಅಯ್ಯಯ್ಯೋ!" ಎಂದು ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದ. ಟೊಮೆಟೊ ಉರುಳಿದರೂ ನೋಡದೆ, ರಸ್ತೆ ಬದಿಯ ದೊಡ್ಡ ಕಲ್ಲುಗಳನ್ನು ತಂದು ಪಕ್ಕದಿಂದಲೇ ಚಕ್ರಗಳಿಗೆ ಅಡ್ಡ ಕೊಟ್ಟ.

"ವಾಲ್ವ್ ತಿರುಗ್ಸಣ್ಣಾ!" ಅಪ್ಪ ಒಳಗಿನಿಂದ ಕೂಗಿದ. "ನೀರು ಹೋದ್ರೆ ಹೋಗ್ಲಿ, ಭಾರ ಇಳೀಲಿ!"

ನೀರು ಭೋರೆಂದು ಇಳಿಜಾರಿನಲ್ಲಿ ಹರಿಯಿತು. ಗುಬ್ಬಿಯ ಶೂಗಳೆಲ್ಲ ಒದ್ದೆಯಾದವು. ಅವಳು ಮಾತ್ರ ಕಣ್ಣು ಮಿಟುಕಿಸದೆ ಬಾಗಿಲಲ್ಲಿ ಕಾಣುತ್ತಿದ್ದ ಅಪ್ಪನ ಮೊಣಕಾಲನ್ನೇ ನೋಡುತ್ತಿದ್ದಳು. ಕಲ್ಲು ಸರಿದರೆ? ಲಾರಿ ಹೋದರೆ ಅಪ್ಪನೂ ಹೋಗುತ್ತಾನೆ.

ಕಲ್ಲು ಸರಿಯಲಿಲ್ಲ. ಟ್ಯಾಂಕ್ ಖಾಲಿಯಾದ ಮೇಲೆ ಎಂಜಿನ್ ಸ್ಟಾರ್ಟ್ ಆಗಿ, ಲಾರಿ ಏನೂ ಆಗೇ ಇಲ್ಲ ಎನ್ನುವ ಹಾಗೆ ಏರು ಹತ್ತಿತು.

ಶಾಲೆಯ ಗೇಟಿನ ಹತ್ತಿರ ಅಪ್ಪ ಗುಬ್ಬಿಯನ್ನು ಇಳಿಸಿ ತಾನೂ ಇಳಿದ. ಬ್ರೇಕ್ ಒತ್ತಿದ್ದ ಬಲಗಾಲನ್ನು ಎರಡೂ ಕೈಯಲ್ಲಿ ನೀವಿಕೊಂಡ. ಅದನ್ನು ನೋಡಿ ಗುಬ್ಬಿಗೆ ಅಳು ಉಕ್ಕಿತು.

"ನಾನೇ ಅಪ್ಪಾ... ಓಡೋದು ಹಾಕ್ಸು ಅಂದಿದ್ದು ನಾನೇ."

"ನೀನು ಕೇಳಿದೆ ಅಷ್ಟೇ. ಹಾಕ್ಸಿದ್ದು ನಾನು." ಅಪ್ಪ ಕುಕ್ಕರಗಾಲಲ್ಲಿ ಕೂತು ಅವಳ ಕಣ್ಣೊರೆಸಿದ. "ನಿಮ್ಮ ಮಾವ ಬಡ್ಕೊಂಡ, ನನ್ನ ಕಿವಿಗೆ ಹೋಗ್ಲಿಲ್ಲ. ಬೇಗ ಮನೆ ಸೇರೋ ಆಸೆ ನನಗಿಲ್ವಾ?"

ಅವತ್ತೇ ಅಪ್ಪ ಎಳೆಯೋದನ್ನು ಹಾಕಿಸಲು ಲಾರಿಯನ್ನು ಮತ್ತೆ ಗ್ಯಾರೇಜಿಗೆ ಒಯ್ದ.

ಆಮೇಲೊಂದು ಬೆಳಿಗ್ಗೆ ಗಣಿತದ ಪೀರಿಯಡ್ ನಡೆಯುವಾಗ ಕೆಳಗಿನಿಂದ ಲಾರಿಯ ಸದ್ದು ಕೇಳಿಸಿತು. ಗುರ್ರ್ ಎಂದು ಎಂಜಿನ್ ಜೋರಾಗಿ ಗೊಣಗುತ್ತಿತ್ತು, ಲಾರಿ ಮಾತ್ರ ಇದ್ದಲ್ಲೇ ಇದ್ದ ಹಾಗಿತ್ತು.

ಪಕ್ಕದ ಗೆಳತಿ ಕಿಟಕಿಯಿಂದ ಇಣುಕಿ ಕಿಸಕ್ಕನೆ ನಕ್ಕಳು. "ನಿಮ್ಮಪ್ಪನ ಲಾರಿ ನೋಡೇ, ಎಷ್ಟು ಸ್ಲೋ! ನಮ್ಮಜ್ಜೀನೇ ಇದಕ್ಕಿಂತ ಫಾಸ್ಟು."

ಗುಬ್ಬಿಯ ಕೈ ಡೆಸ್ಕಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಹೂಂ, ಸ್ಲೋನೇ," ಎಂದಳು. "ಸ್ವಲ್ಪ ಸುಮ್ನಿರೇ. ಇನ್ನೂ ಮೇಲೆ ಹತ್ತಿಲ್ಲ."